ಲ್ಯಾಪ್‌ಟಾಪಿಗೆ ಚಿಚಾ ಚಿಮುಕಿಸಿದ್ದು

೧
ಎಲ್ಲಿಂದ ಶುರು ಮಾಡಲಿ? ಸರ್ಕಾರ ಕಳಿಸಿದ ಇಪ್ಪತ್ತು ಅಗ್ಗದ ಲ್ಯಾಪ್‌ಟಾಪುಗಳು ಕತ್ತೆಗಳ ಬೆನ್ನೇರಿ ಆಂಡಿಸ್ ಬೆಟ್ಟದ ನಮ್ಮೂರ ಶಾಲೆಗೆ ಬಂದ ದಿನದಿಂದಲೇ? ಬೇಡ, ಅದು ಪೇಪರಿನವರ ಫೋಟೊ. ಮರುದಿನವೇ ಅವು ಬೀರು ಸೇರಿ ಬೀಗ ಬಿತ್ತಲ್ಲ, ಕಥೆ ಇರುವುದು ಅಲ್ಲಿ.

೨
(ಮೊದಲ ಡ್ರಾಫ್ಟಿನಲ್ಲಿ ಸೆವೆರೊ ಮೇಷ್ಟ್ರನ್ನು ರಾಕ್ಷಸ ಮಾಡಿದ್ದೆ. ಹರಿದು ಹಾಕಿದೆ. ಶಾಲೆಗಳ ಮೇಲಿನ ಸಿಟ್ಟು ನನ್ನದು, ಅವರೇನು ಮಾಡಿಯಾರು?) ಇಪ್ಪತ್ತಕ್ಕೂ ಸಹಿ ಹಾಕಿದವರು ಅವರು. ಒಂದು ಕೆಟ್ಟರೂ ಮೇಲಿನವರಿಗೆ ಅವರೇ ಉತ್ತರ ಹೇಳಬೇಕು. ಅದಕ್ಕೇ ವಾರಕ್ಕೊಮ್ಮೆ ಹೊರಗೆ ತೆಗೆಯುವುದು, ಹೇಳಿದ ಕೀಲಿಯನ್ನಷ್ಟೇ ಒತ್ತಿಸುವುದು, ಒರೆಸಿ ಒಳಗಿಡುವುದು.

ಅದೇ ಶಾಲೆಯ ಹತ್ತು ವರ್ಷದ ನಿಲ್ಡಾಗೆ ಲ್ಯಾಪ್‌ಟಾಪು ಮನೆಗೇ ಬೇಕು. ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು.

೩
ಭಾನುವಾರ ಪೋಷಕರ ಸಭೆ. ಮಕ್ಕಳ ಕೈಲಿ ಮನೆಗೆ ಕೊಡಬೇಕೋ, ಬೇಡವೋ? ಪಾಠ ಹೇಳುವವರಿಲ್ಲದ ಯಂತ್ರ ಬರೀ ಆಟಿಕೆ ಅಂದರು ಮೇಷ್ಟ್ರು. ನಿಲ್ಡಾಳ ತಾಯಿ ಸಾತುರ್ನಿನಾ ಎದ್ದು ನಿಂತಳು.

"ನನ್ ಮಗಳಿಗೆ ನೇಯೋದನ್ನ ಯಾರು ಹೇಳ್ಕೊಟ್ರು ಮೇಷ್ಟ್ರೇ? ನೂಲು ಸಿಕ್ಕು ಮಾಡ್ಕೊಂಡು ತಾನೇ ಬಿಡಿಸ್ಕೊಂಡು ಕಲಿತ್ಲು."

"ಪಕ್ಕದಲ್ಲಿ ನೀವು ಕೂತಿದ್ರಿ, ಸಾತುರ್ನಿನಮ್ಮ. ಈ ಡಬ್ಬಿ ಪಕ್ಕ ಯಾರು ಕೂರ್ತಾರೆ?"

(ಓದುಗರೇ, ನೋಡಿದಿರಾ? ನಾನೇ ಹುಟ್ಟಿಸಿದ ಮೇಷ್ಟ್ರು ನನ್ನನ್ನೇ ಕೆಡವಿದರು. ಮೈಯುರಿಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ?)

ಆದರೂ ಕೈಗಳು ಎದ್ದವು. ಮನೆಗೆ ಕೊಡುವುದು ಅಂತಲೇ ಆಯಿತು.

೪
ಕುರಿಯಾಗಲಿ, ರೇಡಿಯೊ ಆಗಲಿ, ಹೊಸದು ಮನೆಗೆ ಹೊರಟಿತೆಂದರೆ ನಮ್ಮಲ್ಲಿ ಮೊದಲು ನೆಲದವ್ವನಿಗೆ ಚಿಚಾ, ಅಂದರೆ ಮೆಕ್ಕೆಜೋಳದ ಹೆಂಡ, ಚೆಲ್ಲಬೇಕು, ಆಮೇಲೆ ಅದರ ಮೇಲೂ ಒಂದಿಷ್ಟು ಚಿಮುಕಿಸಬೇಕು. ಸಾತುರ್ನಿನಾ ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಧಾರಾಳವಾಗಿಯೇ ಚಿಮುಕಿಸಿದಳು. ಪರದೆ ಕಪ್ಪಾಯಿತು.

ಎಲ್ಲ ವಾಪಸ್ ಬೀರುವಿಗೆ ಅಂದರು ಮೇಷ್ಟ್ರು. ಬೀಗದಕೈ ಹೊರಗೆ ತೆಗೆದರು. ಅಷ್ಟರಲ್ಲಿ ನಿಲ್ಡಾ ಅಂಗಳದ ಬಿಸಿಲಲ್ಲಿ ಕೂತು ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚತೊಡಗಿದ್ದಳು. ಬೇಡ ಮಗು, ಪೂರ್ತಿ ಕೆಟ್ಟರೆ ಆ ಬೀಗ ಇನ್ನು ತೆರೆಯಲ್ಲ, ನನ್ನ ಕಥೆಯೂ ಹೋಗುತ್ತೆ ಅಂದೆ.

"ನೀನು ಬರಿ. ನಾನು ಬಿಚ್ತೀನಿ."

೫
ಕೊನೆ ಒಂದು: ದೀಪ ಹತ್ತಿತು, ಊರೆಲ್ಲ ಚಪ್ಪಾಳೆ. (ಜಾಹೀರಾತು. ಹೊಡೆದು ಹಾಕಿದೆ.)

ಕೊನೆ ಎರಡು: ಹತ್ತಲಿಲ್ಲ. (ಇಂಥವರಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುವವರ ಬಾಯಿಗೆ ಸಕ್ಕರೆ. ಸತ್ತರೂ ಬರೆಯಲ್ಲ.)

ಈಗ ಕಣ್ಣೆದುರು ನಡೆಯುತ್ತಿರುವುದು ಇಷ್ಟು: ನಿಲ್ಡಾ ಪ್ರತಿ ಭಾಗವನ್ನೂ ಉಣ್ಣೆಯಿಂದ ಒರೆಸಿ, ಬಿಚ್ಚಿದ ಸಾಲಿನಲ್ಲೇ ಶಾಲಿನ ಮೇಲೆ ಹರವಿ ಒಣಗಿಸಿದಳು. ಮೇಷ್ಟ್ರು ಬೈಯಲೆಂದೇ ಬಂದವರು ಬಗ್ಗಿದರು, ಕನ್ನಡಕ ಏರಿಸಿದರು.

"ಈ ತಂತಿ ಪಟ್ಟಿ ಯಾವ ಕಡೆ ಮುಖ ಮಾಡ್ಬೇಕು?"

"ಗೊತ್ತಿಲ್ಲ ಮೇಷ್ಟ್ರೇ. ನಿಮಗೇನನ್ಸುತ್ತೆ?"

ಜೋಡಿಸಿದ್ದಾಯಿತು. ಉಳಿದಿರುವುದು ಗುಂಡಿ ಒತ್ತುವುದೊಂದೇ. ಒತ್ತಬೇಕಾದವರು ಯಾರು, ಸಹಿ ಹಾಕಿದವರೋ, ಬಿಚ್ಚಿದವಳೋ? ಇಬ್ಬರೂ ಅದಕ್ಕೇ ಕಿತ್ತಾಡುತ್ತಿದ್ದಾರೆ. ಊರಿಗೆ ಊರೇ ಬಾಗಿ ನಿಂತಿದೆ. ನಾನೂ ಪೆನ್ನು ಕೆಳಗಿಟ್ಟು ಬಂದಿದ್ದೇನೆ.

ಸ್ವಲ್ಪ ಸರೀರಿ, ಕಾಣಿಸ್ತಿಲ್ಲ.