ಮೇಜಿನಿಂದ ಏಳಲಾರದವನು

ನಮ್ಮ ನರಿನ್ ಬೆಟ್ಟಗಳ ಕಡೆ ಗಂಡಸು ಇನ್ನೊಬ್ಬರ ಅಂಗಳಕ್ಕೆ ಕುದುರೆಯಿಲ್ಲದೆ ನಡೆದು ಬಂದನೆಂದರೆ, ಅವನು ಬಾಯಿ ಬಿಡುವ ಮೊದಲೇ ಅರ್ಧ ಸುದ್ದಿ ತಿಳಿದಂತೆ. ಅಂದು ಶುಕ್ರವಾರದ ನಮಾಜು ಮುಗಿಸಿ ಬಂದು ಬಾಗಿಲ ಬಳಿ ಬಿಸಿಲಿಗೆ ಕುಳಿತು ಚಹಾ ಕುಡಿಯುತ್ತಿದ್ದೆ. ಎಲ್ಚಿಬೆಕ್ ನಡೆದು ಬಂದ. ತೀರಿಹೋದ ನನ್ನ ಗೆಳೆಯ ಟೋಕ್ಟೋಬಾಯನ ಮಗ. ಮದುವೆಯ ವಯಸ್ಸು ಮೀರುತ್ತಿದ್ದ, ಮಾತು ಕಡಿಮೆಯ, ಒಳ್ಳೆಯ ಹುಡುಗ.

"ಅತಾ, ಬಾತಾ ಕೊಡಿ. ನಾನು ಏಳ್ಬೇಕು," ಎಂದ. ನಮ್ಮಲ್ಲಿ ಕಿರಿಯರು ಹಿರಿಯರನ್ನು ಅತಾ, ಅಂದರೆ ಅಪ್ಪ, ಎಂದೇ ಕರೆಯುವುದು.

"ಇನ್ನೂ ಕೂತೇ ಇಲ್ಲವಲ್ಲೋ ಮಗ, ಏಳೋದೆಲ್ಲಿಂದ?" ಎಂದು ನಾನು ನಕ್ಕೆ.

ಅವನು ನಗಲಿಲ್ಲ. ಊಟದ ಹಾಸಿನ ಮುಂದೆ ಕುಳಿತವರಲ್ಲಿ ಹಿರಿಯನಾದವನು ಎರಡು ಅಂಗೈ ಎತ್ತಿ ಬಾತಾ ಹೇಳಿ ಹರಸಿ, ಎಲ್ಲರೂ ಮುಖ ಸವರಿಕೊಂಡ ಮೇಲೆಯೇ ನಮ್ಮಲ್ಲಿ ಯಾರಾದರೂ ಏಳುವುದು. ಅದಕ್ಕೆ ಮುಂಚೆ ಎದ್ದವನನ್ನು ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಆದರೆ ಈ ಹುಡುಗ ಯಾವ ಹಾಸಿನಿಂದ ಏಳಬೇಕಾಗಿತ್ತು?

ಅವನು ಫೋನನ್ನು ನನ್ನ ಮೊಣಕಾಲ ಮೇಲಿಟ್ಟ. ಒಳಗೆ ಹಸಿರು ಮೇಜೊಂದು. ಅದರ ಸುತ್ತ ಬಿಲ್ಲೆಯಷ್ಟು ಸಣ್ಣ ಮುಖಗಳು, ನಡುವೆ ಇಸ್ಪೀಟಿನ ಎಲೆಗಳು. ಒಂದು ಮುಖ ನಾಯಿಯದು, ಒಂದು ಯಾರೋ ಹೆಂಗಸಿನದು. ಅದರ ಪಕ್ಕದಲ್ಲಿ ಬಿಳಿ ಟೋಪಿ, ಬಿಳಿ ಗಡ್ಡ, ಎತ್ತಿದ ಎರಡು ಅಂಗೈ.

ಅದು ನಾನು.

ದೇವರಾಣೆಗೂ ಹೇಳುತ್ತೇನೆ, ನನ್ನ ಹೆಣವನ್ನು ನಾನೇ ಕಂಡಿದ್ದರೂ ಅಷ್ಟು ಬೆದರುತ್ತಿರಲಿಲ್ಲ.

"ಬೂಬೂಶ್!" ಎಂದು ಹೆಂಡತಿಯನ್ನು ಕೂಗಿದೆ. "ಬಂದು ನೋಡೇ, ನಾನು ಜೂಜಾಡ್ತಿದೀನಂತೆ!"

ಅವಳು ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಈ ಮುದುಕನಿಗೆ ಫೋನಿನ ದೀಪ ಹೊತ್ತಿಸೋಕೂ ಬರಲ್ಲ. ಇವನೇನು ಆಡ್ತಾನೆ?" ಎಂದವಳು, ಮತ್ತೆ ಬಗ್ಗಿ ನೋಡಿ ನನ್ನ ಮುಖಕ್ಕೂ ಚಿತ್ರಕ್ಕೂ ತಾಳೆ ಹಾಕಿದಳು.

"ನೀವೇ ಅನ್ಕೊಂಡೆ ಅತಾ," ಎಂದ ಎಲ್ಚಿಬೆಕ್. "ಮೊದಲು ಗೆಲ್ತಾ ಇದ್ದೆ. ಸಾಕು, ಏಳೋಣ ಅನ್ನೋವಾಗ ನೀವು ಬಂದು ಕೂತ್ರಿ. 'ಕೂತ್ಕೋ ಮಗ' ಅಂತ ಬರೆದ್ರಿ. ಬಾತಾ ಇಲ್ಲದೆ ಹೇಗೆ ಏಳ್ಲಿ?"

"ಎಲೆ ಕೆಟ್ಟದಾಗಿದ್ರೆ ಕೆಳಗಿಡಬಹುದಿತ್ತಲ್ಲೋ?" ಎಂದೆ.

"ದೊಡ್ಡವರು ಮುಂದಿಟ್ಟದ್ದನ್ನ ತಳ್ಳಬಾರದು ಅಂತ ಅಪ್ಪ ಹೇಳ್ತಿದ್ರು. ನೀವು ಪಣ ಏರಿಸಿದಷ್ಟೂ ನಾನೂ ಏರಿಸಿದೆ."

"ಅಯ್ಯೋ ಮಗನೇ."

"ಮಧ್ಯೆ ನೀವು ಕೇಳಿದ್ರಿ, ಕೈಯಲ್ಲಿ ಏನಿದೆ ಅಂತ."

"ನೀನು?"

"ಎರಡು ರಾಣಿ ಅಂತ ಹೇಳಿದೆ. ನಿಮಗೆ ಸುಳ್ಳು ಹೇಳೋದಾ?"

ಬೂಬೂಶ್ ಹಿಟ್ಟಿನ ಕೈಯನ್ನು ಬಾಯಿಗೊತ್ತಿಕೊಂಡಳು. ಅಳು ತಡೆದಳೋ ನಗು ತಡೆದಳೋ, ಇಂದಿಗೂ ತಿಳಿಯದು.

"ಕುದುರೆ ಎಲ್ಲೋ?" ಎಂದೆ. ಕೇಳಲು ನನಗೇ ಭಯವಾಗಿತ್ತು.

ಟೋಕ್ಟೋಬಾಯ್ ತೀರಿ ವರ್ಷವಾಗುತ್ತ ಬಂದಿತ್ತು. ಭಾನುವಾರ ಅವನ ವರ್ಷದ ಊಟ. ಅದಕ್ಕೆಂದೇ ಎಲ್ಚಿಬೆಕ್‌ನ ತಾಯಿ ಉರ್ಕಿಯಾ ಕುದುರೆಯೊಂದನ್ನು ಚಳಿಗಾಲವಿಡೀ ತನ್ನ ಬಾಯಿಯ ತುತ್ತನ್ನೇ ಇಟ್ಟಂತೆ ಮೇಯಿಸಿದ್ದಳು. ಆಚೆ ಕಣಿವೆಯವರೆಗೂ ಕರೆ ಹೋಗಿತ್ತು. ಅಂಥ ದಿನ ಕುದುರೆ ಕಡಿದು ಬಡಿಸದ ಮನೆಯ ಮುಂದೆ ಜನ ತಲೆ ತಗ್ಗಿಸಿ ಹಾದುಹೋಗುತ್ತಾರೆ, ಸತ್ತವನು ಎರಡನೆಯ ಸಲ ಸತ್ತಂತೆ.

"ಬೆಳಿಗ್ಗೆ ವ್ಯಾಪಾರಿಗೆ ಕೊಟ್ಬಿಟ್ಟೆ," ಎಂದ. "ಕಳೆದದ್ದನ್ನ ತಿರುಗಿ ತಗೊಂಡು, ಅದೇ ಕುದುರೆ ಬಿಡಿಸ್ಕೊಂಡು ಬರೋಣ ಅಂತ. ಲಾರಿ ನರಿನ್ ಸಂತೆಗೆ ಹೋಗಿಯಾಯ್ತು. ಅಮ್ಮನಿಗೆ ಗೊತ್ತಿಲ್ಲ. ಇನ್ನು ಉಳಿದಿರೋದು ಚೂರು. ಅದಾದ್ರೂ ಹಿಡ್ಕೊಂಡು ಏಳ್ತೀನಿ, ಬಾತಾ ಕೊಡಿ."

ಅಷ್ಟರಲ್ಲಿ ಫೋನು ಟಿಣ್ಣೆಂದಿತು. ನನ್ನ ಮುಖದ ಪಕ್ಕದಲ್ಲಿ ಅಕ್ಷರಗಳು ಮೂಡಿದವು. ಎಲ್ಚಿಬೆಕ್ ಓದಿದ: "ಎಲ್ಲಿಗೆ ಹೋದೆ ಮಗ? ಕೆಟಲಿನ ಮೂತಿ ಇನ್ನೂ ಬಾಗಿಲಿಗೆ ತಿರುಗಿಲ್ಲ."

ಬೂಬೂಶ್ ನನ್ನ ತೋಳು ಹಿಡಿದಳು. ಆ ಮಾತು ನನ್ನ ತಾಯಿಯದು. ಮನೆಯ ಮಕ್ಕಳು ಊರಿಗೆ ಹೊರಟು ನಿಂತಾಗ, ಇನ್ನಷ್ಟು ಹೊತ್ತು ಇರಲಿ ಎಂದು ಅವಳು ಹೇಳುತ್ತಿದ್ದಳು. ಈಗ ನಾನು ಹೇಳುತ್ತೇನೆ. ಈ ಗೋಡೆಗಳ ಹೊರಗೆ ಯಾರೂ ಅದನ್ನು ಕೇಳಿದವರಿಲ್ಲ. ಆಗಲೇ ನನಗೆ ಆ ಚಿತ್ರವೂ ನೆನಪಾಯಿತು. ಮಗಳ ಮದುವೆಯ ದಿನ ತೆಗೆದದ್ದು. ಎತ್ತಿದ ಆ ಕೈಗಳು ಅಂದು ಹರಸಿದ್ದು ಅಳಿಯನನ್ನೇ.

ಅಳಿಯ ಮಾರ್ಸ್ ಭಾನುವಾರದ ಊಟಕ್ಕೆಂದು ಪಟ್ಟಣದಿಂದ ಬಂದಿದ್ದ. ಒಳಗಿನ ಕೋಣೆಯಲ್ಲಿ ಮಲಗಿದ್ದಾನೆಂದು ನಾವು ಮೆಲ್ಲಗೆ ಓಡಾಡುತ್ತಿದ್ದೆವು. ಬಾಗಿಲು ತಳ್ಳಿದೆ. ಗೋಡೆಗೊರಗಿ, ಕಾಲು ಚಾಚಿ, ಫೋನು ಹಿಡಿದು ಕುಳಿತಿದ್ದ. ನನ್ನ ಹಿಂದೆ ನಿಂತ ಎಲ್ಚಿಬೆಕ್‌ನನ್ನು ಕಂಡೊಡನೆ ಕಾಲು ಮಡಿಚಿಕೊಂಡ.

"ಆಟ ಅತಾ, ಬರೀ ಆಟ," ಎಂದ. "ಅಲ್ಲಿ ಎಲ್ಲರೂ ಯಾರದ್ದೋ ಮುಖ ಹಾಕ್ಕೊಂಡೇ ಕೂರೋದು. ಇವನಿಗೆ ಆಡೋಕೆ ಬರಲ್ಲ, ಅದಕ್ಕೆ ನಾನೇನು ಮಾಡ್ಲಿ? ಬಂದ ಎಲೆಯನ್ನೆಲ್ಲ ಆಡ್ತಾನೆ. ಗೆದ್ದಾಗ ಏಳಲ್ಲ, ಸೋತಾಗ ಇನ್ನೂ ದೊಡ್ಡ ಮೇಜಿಗೆ ಬರ್ತಾನೆ. ಕೈಲಿರೋದನ್ನ ತಾನೇ ಹೇಳ್ತಾನೆ! ನಾನಲ್ಲದಿದ್ರೆ ಇನ್ಯಾರೋ ತಿಂತಿದ್ರು."

"ಇವನು ಯಾರು ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

ಮಾರ್ಸ್ ಫೋನನ್ನು ದಿಂಬಿನಡಿ ಸರಿಸಿದ.

"ಗೊತ್ತಿತ್ತು ಅತಾ," ಎಂದ ಎಲ್ಚಿಬೆಕ್, ತೀರ ಮೆತ್ತಗೆ. "ಟೋಕ್ಟೋಬಾಯನ ಮಗ ಅಂತ ನಾನೇ ಬರೆದಿದ್ದೆ. ಊಟಕ್ಕೆ ಕುದುರೆ ಸಿದ್ಧವಾಯ್ತಾ ಅಂತ ಅವರೇ ವಿಚಾರಿಸಿದ್ರು."

ಅವನ ಬಾಯಲ್ಲಿ ಬೈಗುಳವೊಂದೂ ಬರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

"ಗೆದ್ದದ್ದನ್ನ ತೆಗೆದಿಡು," ಎಂದೆ ಮಾರ್ಸ್‌ಗೆ.

ಅವನು ಖಾಲಿ ಕೈ ತೋರಿಸಿದ. "ಇಲ್ಲ ಅತಾ. ಅದನ್ನ ಇನ್ನೊಂದು ಮೇಜಿಗೆ ಒಯ್ದಿದ್ದೆ. ಅಲ್ಲಿ ಕೂತವರು ನನಗಿಂತ..."

"ಅಲ್ಲಿ ನೀನು ಎಲ್ಚಿಬೆಕ್ ಆದೆಯಾ ಮಹರಾಯ?" ಎಂದಳು ಬೂಬೂಶ್.

ದೇವರು ಕೋಪವನ್ನು ಕೊಟ್ಟಿರುವುದು ನುಂಗಲಿಕ್ಕೆ ಎಂದು ಮಸೀದಿಯಲ್ಲಿ ಎಷ್ಟೋ ಸಲ ಹೇಳಿದವನು ನಾನು. ಅಂದು ಅದು ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿದ ಮೇಲೆ ಹೇಳಿದೆ: "ಮದುವೆಗೆ ನಿಮಗೆ ಕೊಟ್ಟ ಕಂದು ಹೆಣ್ಣುಕುದುರೆ ನನ್ನ ಹಿಂಡಿನಲ್ಲೇ ಮೇಯ್ತಾ ಇದೆ. ಕೊಬ್ಬಿದೆ. ಹಗ್ಗ ತಗೋ. ಸವಾರಿ ಮಾಡಬೇಡ, ಊರ ನಡುವೆ ಕಾಲ್ನಡಿಗೆಯಲ್ಲಿ ಹಿಡ್ಕೊಂಡು ಹೋಗಿ ಉರ್ಕಿಯಾಳ ಅಂಗಳದಲ್ಲಿ ಕಟ್ಟು. ಯಾಕೆ ಅಂತ ಕೇಳಿದ್ರೆ ನೀನೇ ಬಾಯಿಬಿಟ್ಟು ಹೇಳು."

ಅವನು ಹೋದ. ಮನೆಮನೆಯ ಬಾಗಿಲಲ್ಲೂ ಜನ ನಿಂತು ನೋಡಿದರಂತೆ. ಎಲ್ಚಿಬೆಕ್ ಫೋನಿನ ಮೇಜನ್ನು ನನ್ನ ಮುಂದೆಯೇ ಮುಚ್ಚಿದ. ನಾನು ಕೈಯೆತ್ತಿ ಬಾತಾ ಹೇಳುವುದಕ್ಕೂ ಕಾಯಲಿಲ್ಲ.

ಭಾನುವಾರ ಕುದುರೆ ಕಡಿದರು. ಟೋಕ್ಟೋಬಾಯನ ಹೆಸರು ಉಳಿಯಿತು, ಉರ್ಕಿಯಾ ತಲೆಯೆತ್ತಿ ಬಡಿಸಿದಳು. ಊಟ ಮುಗಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂಗೈ ಎತ್ತಿ ಬಾತಾ ಶುರುಮಾಡಿದೆ. ಊಟಕ್ಕೆಂದು ಹಾಕಿದ್ದ ಡೇರೆಯೊಳಗೆ ಎಲ್ಲ ಅಂಗೈಗಳೂ ಎದ್ದವು. ಎಲ್ಚಿಬೆಕ್‌ನ ಕೈ ಮಾತ್ರ ಮಡಿಲಲ್ಲೇ ಇತ್ತು. ಅವನು ನನ್ನ ಮುಖವನ್ನು ನೋಡುತ್ತಿದ್ದ, ಚಿತ್ರವನ್ನು ನೋಡುವಂತೆ.

ಬಾತಾದ ನಡುವೆ ಹಿರಿಯ ಏಳುವುದು ನಮ್ಮಲ್ಲಿ ಇಲ್ಲ. ನಾನು ಎದ್ದೆ. ಹೋಗಿ ಅವನ ಮಗ್ಗುಲಲ್ಲಿ ಕುಳಿತು, ಕೊಬ್ಬಿನ ಜಿಡ್ಡು ಆರದ ನನ್ನ ಕೈಯನ್ನು ಅವನ ಕೈ ಮೇಲಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ, ಬೆರಳುಗಳನ್ನು ಒತ್ತಿ ನೋಡಿದ.

"ನೀವೇನಾ ಅತಾ?" ಎಂದ.

"ನಾನೇ ಮಗ."

ಆಮೇಲೆ ಅವನು ಅಂಗೈ ಎತ್ತಿದ. ಬಾತಾವನ್ನು ಬಿಟ್ಟಲ್ಲಿಂದ ನಾನು ಮುಂದುವರಿಸಿದೆ.