ಅಂತೋಣಿಯ ಪಾಲಿನ ಹೂವು

ಲಿಲ್ಲಿ ಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ವಿಂಕಾಳಿಗೆ ಮತ್ತೆ ಏಳುವುದೇ ಒಂದು ದೊಡ್ಡ ಕೆಲಸ. ಆದರೂ ಬೆಳಗಾದರೆ ಕೂರಲೇಬೇಕು. ಎಲೆ ತಿನ್ನುವ ಕೆಂಪು ಹುಳ ಮಹಾ ಕಿಲಾಡಿ. ಕೈ ಹತ್ತಿರ ಹೋದರೆ ಸಾಕು, ಕೆಳಗೆ ಬಿದ್ದು ಮಗುಚಿಕೊಳ್ಳುತ್ತದೆ. ಹೊಟ್ಟೆ ಕಪ್ಪು, ಮಣ್ಣಿನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಒಂದು ಅಂಗೈಯನ್ನು ಕೆಳಗೆ ಒಡ್ಡಿ ಇನ್ನೊಂದರಿಂದ ಹಿಡಿಯಬೇಕು. ಅದರ ಮರಿಗಳೋ, ತಮ್ಮ ಹೇಲನ್ನೇ ಮೈಗೆಲ್ಲ ಮೆತ್ತಿಕೊಂಡು ಕೂತಿರುತ್ತವೆ. ಅವನ್ನು ಉಗುರಿನಿಂದ ಕೆರೆದು ತೆಗೆಯುವ ಭಾಗ್ಯ ವಿಂಕಾಳದು.

"ಹುಡುಗೀ! ಹುಳ ತೆಗೆದ್ಯಾ?" ಕಿಟಕಿಯೊಳಗಿಂದ ಅತ್ತೆ ಮತಿಯಾಳ ಕೂಗು. ಹುಡುಗಿಗೆ ಅರವತ್ತು ಹತ್ತಿರವಾಗಿತ್ತು.

"ತೆಗೀತಾ ಇದೀನಿ ಅತ್ತೆ."

"ನೀರು ಗೀರು ಹಾಕ್ಬೇಡ. ಗೆಡ್ಡೆ ಕೊಳೆಯುತ್ತೆ."

"ಹಾಕಿಲ್ಲ. ನನ್ನ ಬೆವರೇ ಸಾಕು ಅದಕ್ಕೆ."

ಮತಿಯಾ ಹಾಸಿಗೆ ಹಿಡಿದು ಎರಡು ಚಳಿಗಾಲ ಕಳೆದಿದ್ದವು. ನಾಲಿಗೆ ಮಾತ್ರ ಓಡಾಡಿಕೊಂಡಿತ್ತು. ನೀರು ಬೇಕು, ಮಗ್ಗುಲು ಬದಲಿಸು, ಬಟ್ಟೆ ಒದ್ದೆಯಾಯಿತು ಎಂದು ರಾತ್ರಿಯೆಲ್ಲ ಕೂಗು. ವಿಂಕಾಳ ಗಂಡ ನೆದಿಲ್ಕೋ ಲಾರಿ ಓಡಿಸುವವನು; ಅಮ್ಮನ ಕೂಗು ಕೇಳದಷ್ಟು ದೂರದಲ್ಲಿ ಹಾಯಾಗಿದ್ದ.

ಈ ಲಿಲ್ಲಿಗಳೂ ಅವನ ಸಲುವಾಗಿಯೇ. ಚಿಕ್ಕವನಿದ್ದಾಗ ಮಳೆನೀರಿನ ತೊಟ್ಟಿಗೆ ಬಿದ್ದು ಹೆಣದಂತೆ ಮೇಲೆ ಬಂದಿದ್ದ. ಉಸಿರು ಬಂದರೆ ಪ್ರತಿ ವರ್ಷ ನಿನ್ನ ಹಬ್ಬಕ್ಕೆ ನನ್ನ ಹಿತ್ತಲಿನದೇ ಲಿಲ್ಲಿ ತರುತ್ತೇನೆಂದು ಮತಿಯಾ ಸಂತ ಅಂತೋಣಿಗೆ ಹರಕೆ ಹೊತ್ತಳು. ಉಸಿರು ಬಂತು. ಒಂದು ವರ್ಷ ತಪ್ಪಿದರೂ ಸಂತ ಕೊಟ್ಟಿದ್ದನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂಬ ಭಯ ಅವಳನ್ನು ಅಂದಿನಿಂದ ಬಿಟ್ಟಿರಲಿಲ್ಲ.

ಈ ವರ್ಷ ವಸಂತದಲ್ಲಿ ಮಳೆ ಹೆಚ್ಚಾಗಿ ಗಿಡಗಳೆಲ್ಲ ಬೂಷ್ಟು ಹಿಡಿದು ಬಾಡಿದವು. ಮೊಗ್ಗು ಬಿಟ್ಟದ್ದು ಒಂದೇ ದಂಟು.

"ಪೇಟೇಲಿ ಕಟ್ಟುಗಟ್ಲೆ ಸಿಗುತ್ತೆ, ತಂದ್ಬಿಡೇ. ಮುದುಕಿಗೆ ಏನ್ ಗೊತ್ತಾಗುತ್ತೆ?" ಎಂದಳು ಪಕ್ಕದ ಮನೆಯ ರೋಕಾ.

"ನಮ್ಮತ್ತೆಗಾ? ಹೂವು ಮೂಸಿ, ಯಾರ ಹಿತ್ತಲಿಂದು, ಮಾರಿದೋನು ಯಾರು, ಎಲ್ಲಾ ಹೇಳ್ತಾರೆ."

ನಗುವುದಕ್ಕೂ ವಿಂಕಾಳಿಗೆ ಸುಸ್ತು. ನಿದ್ದೆ ಎಂಬುದೊಂದು ಸಿಕ್ಕರೆ ಸಾಕಾಗಿತ್ತು.

ಹಬ್ಬದ ಮುನ್ನಾದಿನ ಸಂಜೆ ದಂಟನ್ನು ಕತ್ತರಿಸಿ, ಬಕೆಟ್ಟಿನಲ್ಲಿ ನಿಲ್ಲಿಸಿ ಅತ್ತೆಗೆ ತೋರಿಸಿದಳು. ಮತಿಯಾ ಮೊಗ್ಗುಗಳನ್ನು ಬೆರಳಿನಿಂದ ಸವರಿದಳು.

"ನಾಳೆ ಅರಳುತ್ತೆ. ಹೊತ್ತಿಗೆ ಸರಿಯಾಗಿ ಹೋಗು. ಪಾದ್ರಿ ಪೂಜೆ ಮುಗಿಸಿ, ಬೀಗ ಹಾಕ್ಕೊಂಡು ಪಕ್ಕದೂರಿಗೆ ಓಡ್ತಾನೆ. ನೆದಿಲ್ಕೋ ಬೇರೆ ಲಾರಿ ತಗೊಂಡು ದಾರೀಲಿದಾನೆ."

"ಹೋಗ್ತೀನಿ ಅತ್ತೆ."

ಎಚ್ಚರವಾದಾಗ ಬಿಸಿಲು ಅಡುಗೆಮನೆಯ ಗೋಡೆಯಿಂದ ನೆಲಕ್ಕಿಳಿದಿತ್ತು. ವಿಂಕಾ ಕುರ್ಚಿಯಲ್ಲೇ, ಒಂದು ಕಾಲಿಗೆ ಬೂಟು ಹಾಕಿಕೊಂಡು ನಿದ್ದೆ ಹೋಗಿದ್ದಳು. ಬಕೆಟ್ಟಿನಲ್ಲಿ ಹೂವುಗಳೆಲ್ಲ ಅರಳಿ ಮನೆ ತುಂಬ ಘಮ್ಮೆನ್ನುತ್ತಿತ್ತು. ಹೊರಗೆ ಜನ ಇಗರ್ಜಿಯಿಂದ ಮಾತಾಡುತ್ತ ಹಿಂತಿರುಗುತ್ತಿದ್ದರು.

ಒಳಕೋಣೆಗೆ ಓಡಿದಳು. ಮತಿಯಾ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಹಾಸಿಗೆ ಪೂರ್ತಿ ತೊಯ್ದು ತಣ್ಣಗಾಗಿತ್ತು, ಎಷ್ಟೋ ಹೊತ್ತಾಗಿರಬೇಕು.

"ಗಂಟೆ ಹೊಡೀಲಿಲ್ವಾ ಅತ್ತೆ?"

"ಹೊಡೀತು. ಎಲ್ಲಾ ಹೊಡೀತು."

"ಕೇಳಿಸ್ಕೊಂಡೂ ಸುಮ್ನಿದ್ರಾ? ಯಾಕೆ ಕೂಗ್ಲಿಲ್ಲ?"

"ನೀನು ಗೊರಕೆ ಹೊಡೀತಿದ್ದೆ. ಕೂಗೋಕೆ ಬಾಯಿ ಬರ್ಲಿಲ್ಲ."

"ಹರಕೆ?"

"ಸಂತನ ಹತ್ರ ಮಾತಾಡಿದೀನಿ. ತಗೊಳ್ಳೋದಿದ್ರೆ ನನ್ನ ತಗೋ, ಹುಡುಗನ್ನ ಮುಟ್ಬೇಡ ಅಂದೆ." ಮುದುಕಿಯ ಗದ್ದ ಚಳಿಗೋ ಭಯಕ್ಕೋ ನಡುಗುತ್ತಿತ್ತು. ಜಪಸರ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು.

ವಿಂಕಾಳಿಗೆ ಸಿಟ್ಟು ಬಂತು, ಅಳು ಬಂತು. ಒದ್ದೆ ಹಾಸಿಗೆಯ ಅಂಚಿನಲ್ಲೇ ಕುಸಿದು ಕೂತಳು.

"ಕಾಫಿ ಕುಡ್ಕೊಂಡ್ ಬಾ ಹೋಗು," ಎಂದಳು ಮತಿಯಾ. "ನಾನು ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ತೀನಿ."