ಗಂಗೂಬಾಯಿಯ ಹಸಿವು

ಶೇಡಬಾಳದಲ್ಲಿ ಗಂಗೂಬಾಯಿಯ ಹೆಸರೆತ್ತಿದರೆ ಜನ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಆಕೆಗೆ ಹಸಿವೇ ಆಗುವುದಿಲ್ಲವಂತೆ. ಹೊತ್ತು ಮುಳುಗುವ ಮೊದಲು ಉಣ್ಣುವ ನೇಮ ಅಲ್ಲಿನ ಜೈನರ ಮನೆಗಳಲ್ಲೆಲ್ಲ ಇದ್ದದ್ದೇ. ಆದರೆ ಭಾದ್ರಪದದ ದಶಲಕ್ಷಣ ಪರ್ವ ಬಂತೆಂದರೆ ಗಂಗೂಬಾಯಿ ಹತ್ತು ದಿನವೂ ಬರೀ ಕಾಸಿ ಸೋಸಿದ ನೀರಿನ ಮೇಲೆ ಇರುತ್ತಿದ್ದಳು. ಮುಗಿದ ದಿನ ಬ್ಯಾಂಡ್ ಹಚ್ಚಿ, ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ಆಕೆಯನ್ನು ಕೂಡಿಸಿ ಊರೆಲ್ಲ ಮೆರವಣಿಗೆ. "ತ್ರಾಸ ಆಗಲಿಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ, "ಹಸಿವ ಅಂದ್ರ ಏನಂತನ ನನಗ ಗೊತ್ತಿಲ್ಲ" ಎಂದು ಕೊರಳು ನೆಟ್ಟಗೆ ಮಾಡುತ್ತಿದ್ದಳು. ಆ ಬಿಗುವು ನೋಡಲಿಕ್ಕೇ ಚಂದ. ಹೆಮ್ಮೆ ಪಡುವವರು ಹೀಗೆ ಪಡಬೇಕು, ಕದ್ದುಮುಚ್ಚಿ ಅಲ್ಲ.

ಮೊಮ್ಮಗಳು ಮಯೂರಿ ಆಯುರ್ವೇದದ ಎಂ.ಡಿ. ಓದುತ್ತಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ಯಾರಿಗೆ ಬರೀ ನೆಗಡಿ-ಜ್ವರದಲ್ಲಿ ಹೋಯಿತು, ಯಾರ ಪುಪ್ಪುಸಕ್ಕೆ ಇಳಿಯಿತು, ಅವರ ಮೈ ವಾತದ್ದೋ ಪಿತ್ತದ್ದೋ ಕಫದ್ದೋ, ಎರಡಕ್ಕೂ ನಂಟು ಇದೆಯೋ ಇಲ್ಲವೋ ಎಂಬುದು ಅವಳ ಅಧ್ಯಯನ. ಬೇರೆ ಊರು ಯಾಕೆ ಎಂದು ಗಂಗೂಬಾಯಿಯೇ ಅವಳನ್ನು ಕರೆಸಿ ಬಸದಿಯ ಕಟ್ಟೆಯ ಮೇಲೆ ಕೂಡಿಸಿದಳು. ತನ್ನ ಹಾಗೆ ಆ ಬೇನೆ ಬಿದ್ದು ಎದ್ದ ಹೆಂಗಸರನ್ನೆಲ್ಲ ಸೇರಿಸಿ, "ನನ್ನ ಮೊಮ್ಮಗಳು ಡಾಕ್ಟರ್. ಖರೇ ಖರೇ ಹೇಳಬೇಕ್ರಿ" ಎಂದು ತಾಕೀತು ಮಾಡಿದಳು. ಮಾಡಿದವಳೇ ಮೊದಲು ಸುಳ್ಳು ಹೇಳಿದಳು.

ಸಿಟ್ಟು, ನಿದ್ದೆ, ಬೆವರಿನ ಪ್ರಶ್ನೆಗಳಿಗೆ ಆಕೆಯ ಉತ್ತರ ಸರಿಯಾಗಿಯೇ ಇತ್ತು. ಹಸಿವಿನದು ಬಂದಾಗ ಸುತ್ತ ಅಷ್ಟೂ ಹೆಂಗಸರು ಕಿವಿ ನಿಮಿರಿಸಿದ್ದರು.

"ಹೊತ್ತಿಗೆ ಊಟ ಸಿಗದಿದ್ರ ಏನಾಗತೈತಿ ಆಯಿ?"

"ಏನೂ ಆಗೂದಿಲ್ಲ. ದಿನಗಟ್ಲೆ ಇರತೇನಿ."

ಮಗ್ಗುಲ ಮನೆಯ ಅಕ್ಕುತಾಯಿ ಹಿಂದೆ ಬಿದ್ದಾಳೆಯೇ? ಅವಳೂ ಅದನ್ನೇ ಹೇಳಿದಳು. ಉಳಿದವರೂ ಅದನ್ನೇ ಹೇಳಿದರು. ನೇಮ ಹಿಡಿದವರು ಬಸದಿಯ ಎದುರು ಕೂತು ನನಗೆ ಹಸಿವಾಗುತ್ತದೆ ಎನ್ನುವುದುಂಟೇ!

ಸಂಜೆ ಬಿಸಿಲಿರುವಾಗಲೇ ಅಜ್ಜಿ ಮೊಮ್ಮಗಳು ಊಟಕ್ಕೆ ಕೂತರು. ಮಯೂರಿಯ ಮುಖ ಅರಳಿತ್ತು.

"ಆಯಿ, ದವಾಖಾನಿ ಸೇರಿ ಬಂದವರು ಹೆಚ್ಚಿನವರು ಕಫದವರ ಆಗ್ಯಾರ. ನೀನೂ ಅದರಾಗ ಬಂದಿ. ಹಸಿವು ತಡಕೊಳ್ಳೂದು ಕಫದ ಗುಣ. ಪಿತ್ತದವರ ಕೈಲೆ ಆಗೂದಿಲ್ಲ."

"ಇದನ್ನ ಬರದ್ರ ಏನಾಗತೈತಿ?"

"ಮುಂದ ಇಂಥಾ ಬ್ಯಾನಿ ತಿರಗಿ ಬಂದ್ರ, ಓದಿದ ಡಾಕ್ಟರು ಕಫದವರ ಮ್ಯಾಲ ಮೊದಲ ಲಕ್ಷ್ಯ ಇಡಬಹುದು. ಉಳದವರು ಸ್ವಲ್ಪ ತಡೀಲಿ ಅನ್ನಬಹುದು."

ಗಂಗೂಬಾಯಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಿರಜಿನ ದವಾಖಾನೆಯ ಬಾಗಿಲು ಕಣ್ಣಿಗೆ ಬಂತು. ಕೊರೊನಾ ಬಂದಾಗ ಹಾಸಿಗೆ ಖಾಲಿಯಾಗಲಿ ಎಂದು ಆಕೆ ಅಲ್ಲಿ ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತ ಕೂತಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಒಳಗೆ ಕರೆಯುವ ಹೊತ್ತಿಗೆ ಆ ಹೆಂಗಸು ಉಳಿದಿರಲಿಲ್ಲ. ನಾಳೆ ತನ್ನ ಒಂದು ಸುಳ್ಳಿನಿಂದ ತನ್ನಂಥ ಪಿತ್ತದವರು ಯಾರೋ ಆ ಬಾಗಿಲಲ್ಲಿ ಕೂತು ತಡೆಯಬೇಕೇ? ನಿಜ ಹೇಳಿದರೆ ಟ್ರ್ಯಾಕ್ಟರಿನ ಮೆರವಣಿಗೆಯೂ ಇಷ್ಟು ವರ್ಷ ಗಳಿಸಿದ ಹೆಸರೂ ಮಣ್ಣುಪಾಲು. ಮೊಮ್ಮಗಳೊಬ್ಬಳಿಗೇ ಪಿಸುಗುಟ್ಟಿ ಮುಗಿಸಿಬಿಡೋಣ ಎಂದೂ ಅನಿಸಿತು. ಆದರೆ ಉಳಿದವರೆಲ್ಲ ತನ್ನ ಮಾತು ಹಿಡಿದು ಹೇಳಿದವರು. ಅವರಿಗೂ ತಿಳಿಯಬೇಕಲ್ಲ.

ಮರುದಿನ ಬಸದಿಯಲ್ಲಿ ಪೂಜೆ ಮುಗಿದ ಮೇಲೆ ಗಂಗೂಬಾಯಿ ಮಯೂರಿಯ ಎದುರೇ ಹೆಂಗಸರನ್ನೆಲ್ಲ ಕಟ್ಟೆಯ ಹತ್ತಿರ ನಿಲ್ಲಿಸಿದಳು.

"ನಿನ್ನಿ ನಾ ಸುಳ್ಳ ಹೇಳೇನಿ. ನನಗ ಹಸಿವ ಆಗತೈತಿ. ಎಲ್ಲಾರಕಿಂತಾ ಜಾಸ್ತಿ ಆಗತೈತಿ."

ಅಕ್ಕುತಾಯಿ ದಂಗಾಗಿ ಹೋದಳು. "ಹಂಗಂದ್ರ ಆ ಹತ್ತ ದಿನದ ಉಪವಾಸ, ಗಂಗಕ್ಕಾ?"

"ಹತ್ತೂ ದಿನ ಹೊಟ್ಟಿ ಉರೀತಿತ್ತು. ಹಿತ್ತಲ ಮನಿ ನೀಲಮ ಮನ್ಯಾಗ ಕುಂಡ್ರಿಸಿದ ಗಣಪ್ಪಗ ಕಡಬ ಕರಿಯೂ ವಾಸನಿ ಬಂದ್ರ, ಬಾಗಲಾ ಹಾಕ್ಕೊಂಡ ಅಳತಿದ್ನಿ. ಕೈ ನಡಗತಿತ್ತು. ಸಿಟ್ಟ ಬಂದು ಸೊಸಿಗೆ ಬಾಯಿಗೆ ಬಂದಂಗ ಬೈತಿದ್ನಿ."

"ಮತ್ತ ಇಷ್ಟ ವರ್ಷ ಹಸಿವಿಲ್ಲ ಅಂತ ಹೇಳಿದ್ದು?"

"ಸೊಕ್ಕು."

ಯಾರೂ ನಗಲಿಲ್ಲ. ಗಂಗೂಬಾಯಿ ತಲೆ ತಗ್ಗಿಸುತ್ತಾಳೆಂದು ಕಾದವರಿಗೆ ನಿರಾಸೆಯಾಯಿತು.

"ಹಸಿವಿಲ್ಲದಾಕಿ ಉಣ್ಣದ ಕುಂತ್ರ ಅದರಾಗ ಏನ ದೊಡ್ಡಸ್ತಿಕಿ ಐತಿ? ಕಲ್ಲೂ ಉಣ್ಣೂದಿಲ್ಲ. ನಾ ಉರಕೋತ ಕುಂತೇನಿ, ಒಂದ ಅಗಳ ಮುಟ್ಟಲಿಲ್ಲ. ಇದನ್ನ ನಾ ಮೊದಲ ಹೇಳಬೇಕಾಗಿತ್ತು. ನನ್ನ ಉಪವಾಸಾನ ನಾನ ಸಣ್ಣದ ಮಾಡಿಟ್ಟೆ."

ಅಕ್ಕುತಾಯಿ ಮುಂದೆ ಬಂದು ಗಂಗೂಬಾಯಿಯ ಕಾಲು ಮುಟ್ಟಿದಳು.

"ಮಯೂರಿ, ನಂದೂ ತಿದ್ದವಾ. ಚಾ ತಡಾ ಆದ್ರ ಸೈತ ನನಗ ತಲಿ ತಿರಗತೈತಿ" ಎಂದಳು. ಹಿಂದಿನಿಂದ ಇನ್ನೊಬ್ಬಳು, ನನ್ನನ್ನೂ ಹೊಸದಾಗಿ ಕೇಳು ಎಂದಳು. ಕಟ್ಟೆಯ ತುಂಬ ಗಲಾಟೆಯಾಯಿತು.

ಮಯೂರಿಯ ಮುಖದಲ್ಲಿ ನಿನ್ನೆಯ ಗೆಲುವು ಇರಲಿಲ್ಲ. ಮಾಡಿದ ಕೆಲಸವೆಲ್ಲ ಕೆಟ್ಟಿತ್ತು, ಮೊದಲಿಂದ ಕೇಳಬೇಕಾಗಿತ್ತು. ಆದರೂ ಅವಳು ಅಜ್ಜಿಯನ್ನು ಕಣ್ತುಂಬ ನೋಡಿದಳು, ಕಣ್ಣೊರೆಸಿಕೊಂಡಳು, ಎದುರು ಕೂತಳು.

"ಹೇಳ ಆಯಿ. ಹಸಿವು ತಡಕೊಳ್ಳಾಕ ಆಗತೈತೇನ?"

ಗಂಗೂಬಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆಗೂದಿಲ್ಲ. ಆದ್ರೂ ತಡಕೊಂಡೇನಿ. ಎರಡನ್ನೂ ಬರಕೋ."